ಹಿಮಕರಡಿಯ ಕೊಬ್ಬಿನಲ್ಲಿ ಡಿಡಿಟಿ ಹೇಗೆ ಬಂತು? ರೇಚಲ್ ಕಾರ್ಸನ್ ಬದುಕಿನ ಕಥೆ

ಎರಡು ಬಗೆಯ ಫಾರ್ವರ್ಡ್‌ಗಳು ನಮ್ಮ ಓದುಗರಿಂದ ಮತ್ತೆ ಮತ್ತೆ ಬರುತ್ತಿರುತ್ತವೆ. ಇದು ನಿಜವೇ, ಸ್ವಲ್ಪ ನೋಡಿ ಹೇಳಿ ಅನ್ನುತ್ತಾರೆ. ಮೊದಲನೆಯದರಲ್ಲಿ ಬೆಳ್ಳನೆ ಹಿಮದ ಚಿತ್ರ ಇರುತ್ತದೆ. ಮನುಷ್ಯ ಹಾಳು ಮಾಡದೆ ಬಿಟ್ಟಿರುವ ಜಾಗ ಉತ್ತರ ಧ್ರುವ ಮತ್ತು ಅಂಟಾರ್ಕ್ಟಿಕಾ ಮಾತ್ರ, ಅಲ್ಲಿ ಕಾರ್ಖಾನೆ ಇಲ್ಲ, ಹೊಲ ಇಲ್ಲ, ಆದ್ದರಿಂದ ವಿಷವೂ ಇಲ್ಲ ಎಂಬುದು ಅದರ ಸಾರಾಂಶ. ಎರಡನೆಯದು ಸ್ವಲ್ಪ ಸಿಟ್ಟಿನದು. ರೇಚಲ್ ಕಾರ್ಸನ್ ಎಂಬ ಅಮೆರಿಕದ ಲೇಖಕಿ ಪುಸ್ತಕ ಬರೆದು ಜಗತ್ತಿನಾದ್ಯಂತ ಡಿಡಿಟಿ ನಿಷೇಧ ಮಾಡಿಸಿದಳು, ಅದರಿಂದ ಬಡದೇಶಗಳಲ್ಲಿ ಕೋಟ್ಯಂತರ ಜನ ಮಲೇರಿಯಾಕ್ಕೆ ಬಲಿಯಾದರು ಎನ್ನುತ್ತದೆ.

ಎರಡೂ ತಪ್ಪು. ಎರಡನ್ನೂ ಬಿಡಿಸಿ ಹೇಳಬೇಕಾದರೆ ಆ ಹೆಣ್ಣುಮಗಳ ಬದುಕನ್ನೇ ಹೇಳಬೇಕು. ಹಾಗಾಗಿ ಇವತ್ತು ಲೇಖನ ಸ್ವಲ್ಪ ಉದ್ದವಿದೆ, ನಿಧಾನವಾಗಿ ಓದಿ.

ಸಮುದ್ರ ನೋಡದ ಹುಡುಗಿ

ರೇಚಲ್ ಕಾರ್ಸನ್ ಹುಟ್ಟಿದ್ದು 1907ರ ಮೇ 27ರಂದು, ಪೆನ್ಸಿಲ್ವೇನಿಯಾ ರಾಜ್ಯದ ಸ್ಪ್ರಿಂಗ್‌ಡೇಲ್ ಎಂಬ ಸಣ್ಣ ಊರಿನಲ್ಲಿ. ಅಲ್ಲೆಗೆನಿ ನದಿಯ ದಡ, ಸುಮಾರು 65 ಎಕರೆ ಜಮೀನು, ಕೈಯಲ್ಲಿ ಹಣವಿಲ್ಲದ ಮನೆ. ತಾಯಿ ಮರಿಯಾ ಮಗಳನ್ನು ಕಾಡುಮೇಡು ಸುತ್ತಿಸಿ ಹಕ್ಕಿ, ಹುಳು, ಹೂವುಗಳ ಹೆಸರು ಕಲಿಸಿದಳು. ಹನ್ನೊಂದು ವರ್ಷಕ್ಕೇ ಹುಡುಗಿಯ ಕಥೆಯೊಂದು ಮಕ್ಕಳ ಪತ್ರಿಕೆಯಲ್ಲಿ ಅಚ್ಚಾಯಿತು. ದೊಡ್ಡವಳಾದ ಮೇಲೆ ಬರಹಗಾರ್ತಿ ಆಗುವುದೇ ಸರಿ ಎಂದು ಆಗಲೇ ತೀರ್ಮಾನವಾಗಿತ್ತು.

ಕಾಲೇಜಿಗೆ ಇಂಗ್ಲಿಷ್ ಸಾಹಿತ್ಯ ಓದಲು ಸೇರಿದವಳು ನಡುವೆ ಜೀವಶಾಸ್ತ್ರಕ್ಕೆ ಹೊರಳಿದಳು. ಅದಕ್ಕೆ ಕಾರಣ ಮೇರಿ ಸ್ಕಾಟ್ ಸ್ಕಿಂಕರ್ ಎಂಬ ಅಧ್ಯಾಪಕಿ. 1929ರಲ್ಲಿ ಪದವಿ ಮುಗಿಸಿ, ಆ ಬೇಸಗೆಯಲ್ಲಿ ವುಡ್ಸ್ ಹೋಲ್‌ನ ಸಮುದ್ರ ಪ್ರಯೋಗಾಲಯಕ್ಕೆ ಹೋದಾಗಲೇ ಅವರು ಸಮುದ್ರವನ್ನು ಮೊದಲ ಸಲ ಕಣ್ಣಾರೆ ನೋಡಿದ್ದು. ಮುಂದೆ ಕಡಲಿನ ಬಗ್ಗೆ ಬರೆದೇ ಜಗತ್ತಿಗೆ ಪರಿಚಯವಾದವರಿಗೆ ಅಲ್ಲಿಯವರೆಗೆ ಕಡಲು ಬರೀ ಪುಸ್ತಕದಲ್ಲಿತ್ತು.

1932ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ಎಂ.ಎ. ಪಿಎಚ್.ಡಿ. ಮಾಡುವ ಆಸೆ ಇತ್ತು, ಆದರೆ ಆರ್ಥಿಕ ಕುಸಿತದ ಕಾಲ, ಮನೆಯ ಹೊರೆ. ಓದು ಅಲ್ಲಿಗೇ ನಿಂತಿತು. 1935ರಲ್ಲಿ ತಂದೆ ತೀರಿಕೊಂಡರು. ಸರ್ಕಾರದ ಮೀನುಗಾರಿಕೆ ಇಲಾಖೆಗೆ ರೇಡಿಯೊ ಕಾರ್ಯಕ್ರಮ ಬರೆದುಕೊಡುವ ಬಿಡಿ ಕೆಲಸ ಸಿಕ್ಕಿತು. ಮರುವರ್ಷ ಅದೇ ಇಲಾಖೆಯಲ್ಲಿ ಪೂರ್ಣಾವಧಿ ನೌಕರಿ. 1937ರಲ್ಲಿ ಅಕ್ಕ ಸತ್ತಾಗ ಅವರ ಇಬ್ಬರು ಹೆಣ್ಣುಮಕ್ಕಳ ಜವಾಬ್ದಾರಿಯೂ ಹೆಗಲಿಗೆ ಬಿತ್ತು. ಹಗಲು ಆಫೀಸು, ರಾತ್ರಿ ಬರವಣಿಗೆ. ಅವರ ಮೊದಲ ಪುಸ್ತಕ 1941ರ ನವೆಂಬರ್‌ನಲ್ಲಿ ಬಂತು. ಒಂದು ತಿಂಗಳಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿಯಾಯಿತು, ಅಮೆರಿಕ ಯುದ್ಧಕ್ಕಿಳಿಯಿತು, ಪುಸ್ತಕವನ್ನು ಯಾರೂ ಕೇಳಲಿಲ್ಲ.

ಹತ್ತು ವರ್ಷದ ನಂತರ ಬಂದ 'ದಿ ಸೀ ಅರೌಂಡ್ ಅಸ್' ಎಲ್ಲವನ್ನೂ ಬದಲಿಸಿತು. 1951ರ ಈ ಪುಸ್ತಕ ನ್ಯೂಯಾರ್ಕ್ ಟೈಮ್ಸ್‌ನ ಅತಿ ಹೆಚ್ಚು ಮಾರಾಟದ ಪಟ್ಟಿಯಲ್ಲಿ 86 ವಾರ ಇತ್ತು. 1952ರಲ್ಲಿ ಕಾರ್ಸನ್ ಸರ್ಕಾರಿ ಕೆಲಸ ಬಿಟ್ಟರು, ಮೇಯ್ನ್ ರಾಜ್ಯದ ಕಡಲತೀರದಲ್ಲಿ ಪುಟ್ಟ ಮನೆ ಕಟ್ಟಿಸಿಕೊಂಡರು. ಉತ್ತರ ಧ್ರುವದ ಕಡೆ ಸಮುದ್ರ ಬೆಚ್ಚಗಾಗುತ್ತಿದೆ, ಮೀನುಗಳು ಉತ್ತರಕ್ಕೆ ಸರಿಯುತ್ತಿವೆ ಎಂಬ ಮಾತು ಆ ಪುಸ್ತಕದಲ್ಲೇ ಇದೆ. 1951ರಲ್ಲಿ!

ಪುಡಿ ಡಬ್ಬಿಯಲ್ಲಿ ಬಂದ ಪವಾಡ

ಈಗ ಡಿಡಿಟಿ ಕಡೆಗೆ ಬರೋಣ. ನಮ್ಮಲ್ಲಿ ಐವತ್ತು ದಾಟಿದವರಿಗೆ ಇದನ್ನು ಪರಿಚಯಿಸಬೇಕಿಲ್ಲ. ಮಲೇರಿಯಾ ಇಲಾಖೆಯವರು ಬೆನ್ನಿಗೆ ಪಂಪು ಕಟ್ಟಿಕೊಂಡು ಬಂದು ಗೋಡೆಗೆ ಹೊಡೆದು, ಬಾಗಿಲ ಪಕ್ಕ ತಾರೀಖು ಬರೆದು ಹೋಗುತ್ತಿದ್ದರು.

ಡಿಡಿಟಿಯನ್ನು ಪ್ರಯೋಗಾಲಯದಲ್ಲಿ ಮೊದಲು ತಯಾರಿಸಿದ್ದು 1874ರಲ್ಲಿ. ಆದರೆ ಅದು ಕೀಟಗಳನ್ನು ಕೊಲ್ಲುತ್ತದೆಂದು ಪತ್ತೆಯಾಗಿದ್ದು 1939ರಲ್ಲಿ, ಸ್ವಿಟ್ಜರ್ಲೆಂಡ್‌ನ ಪಾಲ್ ಮ್ಯುಲ್ಲರ್ ಅವರಿಂದ. ಎರಡನೇ ಮಹಾಯುದ್ಧದಲ್ಲಿ ಇಟಲಿಯ ನೇಪಲ್ಸ್ ನಗರದಲ್ಲಿ ಹೇನಿನಿಂದ ಹರಡುವ ಟೈಫಸ್ ಜ್ವರವನ್ನು ಇದೇ ಪುಡಿ ನಿಲ್ಲಿಸಿತು. 1948ರಲ್ಲಿ ಮ್ಯುಲ್ಲರ್ ಅವರಿಗೆ ವೈದ್ಯಕೀಯ ನೊಬೆಲ್ ಬಂತು. ಕರ್ನಾಟಕಕ್ಕೂ ಇದು ಬೇಗನೆ ಕಾಲಿಟ್ಟಿತು. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಅವರ ತಂಡ 1946ರ ಹೊತ್ತಿಗೆ ಮನೆಮನೆಗೆ ಡಿಡಿಟಿ ಹೊಡೆಸಿ ಮಲೇರಿಯಾ ಇಳಿಸಿ ತೋರಿಸಿತು. ಚಳಿಜ್ವರಕ್ಕೆ ಹೆದರಿ ಜನ ಊರು ಬಿಡುತ್ತಿದ್ದ ಕಾಲ ಅದು. ಡಿಡಿಟಿಯಿಂದ ಉಳಿದ ಜೀವಗಳ ಲೆಕ್ಕ ದೊಡ್ಡದು, ಅದನ್ನು ಮರೆತು ಬರೀ ಬೈಯುವುದು ನ್ಯಾಯವಲ್ಲ ಎಂಬುದು ನಮ್ಮ ಅಭಿಪ್ರಾಯ.

ತೊಂದರೆ ಶುರುವಾಗಿದ್ದು ಗೋಡೆ ಬಿಟ್ಟು ಆಚೆ ಹೋದಾಗ. ಅಮೆರಿಕದಲ್ಲಿ ಯುದ್ಧ ಮುಗಿದ ಮೇಲೆ ಅದನ್ನು ಹೊಲಕ್ಕೆ, ಕಾಡಿಗೆ, ಬೀದಿಮರಕ್ಕೆ, ಕೆರೆಗೆ ಸುರಿದರು. ವಿಮಾನದಿಂದ ಊರ ಮೇಲೂ ಸುರಿದರು. ಮಕ್ಕಳು ಆಟವಾಡುವಾಗಲೇ ಮೇಲಿಂದ ಮಳೆಯ ಹಾಗೆ ಬೀಳುತ್ತಿತ್ತು.

ಕಾರ್ಸನ್‌ಗೆ ಅನುಮಾನ ಬಂದದ್ದು ಬಹಳ ಮೊದಲೇ. 1945ರಲ್ಲೇ, ತಮ್ಮ ಇಲಾಖೆಯವರು ಡಿಡಿಟಿಯನ್ನು ಪರೀಕ್ಷಿಸುತ್ತಿದ್ದುದನ್ನು ನೋಡಿ, ಅದರ ಬಗ್ಗೆ ಲೇಖನ ಬರೆಯುತ್ತೇನೆಂದು ರೀಡರ್ಸ್ ಡೈಜೆಸ್ಟ್ ಪತ್ರಿಕೆಗೆ ಕೇಳಿದ್ದರು. ಪತ್ರಿಕೆ ಆಸಕ್ತಿ ತೋರಲಿಲ್ಲ. ವಿಷಯ ಹದಿಮೂರು ವರ್ಷ ಹಾಗೇ ಉಳಿಯಿತು. 1958ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್‌ನ ಗೆಳತಿ ಓಲ್ಗಾ ಹಕಿನ್ಸ್ ಅವರಿಂದ ಕಾಗದ ಬಂತು. ಸೊಳ್ಳೆ ಕೊಲ್ಲಲೆಂದು ವಿಮಾನದಿಂದ ಔಷಧಿ ಹೊಡೆದ ಮೇಲೆ ಅವರ ಹಿತ್ತಲಿನಲ್ಲಿ ಹಕ್ಕಿಗಳು ಸತ್ತು ಬಿದ್ದಿದ್ದವು. ಈ ಸಲ ಕಾರ್ಸನ್ ಬೇರೆಯವರು ಬರೆಯಲಿ ಎಂದು ಕಾಯಲಿಲ್ಲ.

ಕೆರೆಯ ಲೆಕ್ಕ

ಅವರು ಸಂಗ್ರಹಿಸಿದ ಉದಾಹರಣೆಗಳಲ್ಲಿ ಒಂದನ್ನು ಅರ್ಥ ಮಾಡಿಕೊಂಡರೆ ಧ್ರುವದ ಕಥೆ ಅರ್ಧ ಅರ್ಥವಾದಂತೆ. ಕ್ಯಾಲಿಫೋರ್ನಿಯಾದ ಕ್ಲಿಯರ್ ಲೇಕ್ ಎಂಬ ಸರೋವರದಲ್ಲಿ ಸಣ್ಣ ನೊಣಗಳ ಕಾಟ. ಅವು ಕಚ್ಚುವುದೂ ಇಲ್ಲ, ಮೀನು ಹಿಡಿಯಲು ಬಂದವರಿಗೆ ಕಿರಿಕಿರಿ ಅಷ್ಟೇ. ಡಿಡಿಟಿಯ ದಾಯಾದಿಯಾದ ಡಿಡಿಡಿ ಎಂಬ ರಾಸಾಯನಿಕವನ್ನು 1949ರಲ್ಲಿ ನೀರಿಗೆ ಹಾಕಿದರು, ಮತ್ತೆ 1954 ಮತ್ತು 1957ರಲ್ಲಿ ಹಾಕಿದರು. ತುಂಬ ತೆಳುವಾಗಿ ಬೆರೆಸಿದ್ದರು. ಹತ್ತು ಲಕ್ಷ ಪಾಲು ನೀರಿಗೆ ಒಂದು ಪಾಲಿನ ಐವತ್ತನೇ ಒಂದಂಶ.

ಆಮೇಲೆ ಗ್ರೀಬ್ ಎಂಬ ನೀರುಹಕ್ಕಿಗಳು ಸಾಯತೊಡಗಿದವು. ರೋಗ ಯಾವುದೂ ಕಾಣಲಿಲ್ಲ. ಯಾರೋ ಅವುಗಳ ಕೊಬ್ಬು ಪರೀಕ್ಷಿಸಿದಾಗ ಹತ್ತು ಲಕ್ಷಕ್ಕೆ 1600 ಪಾಲು ಡಿಡಿಡಿ ಸಿಕ್ಕಿತು. ನೀರಿನಲ್ಲಿದ್ದುದರ ಎಂಬತ್ತು ಸಾವಿರ ಪಟ್ಟು! ಹೇಗೆಂದರೆ, ನೀರಿನ ಸೂಕ್ಷ್ಮಜೀವಿಗಳಲ್ಲಿ ಅದು 5 ಪಾಲು ಆಗಿತ್ತು. ಅವನ್ನು ತಿಂದ ಸಣ್ಣ ಮೀನಿನಲ್ಲಿ ಇನ್ನಷ್ಟು, ಸಣ್ಣ ಮೀನು ತಿಂದ ದೊಡ್ಡ ಮೀನಿನಲ್ಲಿ ಮತ್ತಷ್ಟು. ಸಾವಿರ ಜೋಡಿ ಗ್ರೀಬ್ ಹಕ್ಕಿಗಳಿದ್ದ ಸರೋವರದಲ್ಲಿ ಮೂವತ್ತು ಜೋಡಿ ಉಳಿದವು. ಉಳಿದವೂ ಮರಿ ಮಾಡಲಿಲ್ಲ.

ಇದರ ಹಿಂದಿನ ಕಾರಣ ಅಡುಗೆಮನೆಯಲ್ಲೇ ಇದೆ. ಅರಿಶಿನದ ಬಣ್ಣ ನೀರಿಗೆ ಸರಿಯಾಗಿ ಬಿಡುವುದಿಲ್ಲ, ಒಗ್ಗರಣೆಯ ಎಣ್ಣೆಗೆ ತಕ್ಷಣ ಬಿಡುತ್ತದೆ. ಡಿಡಿಟಿಯೂ ಹಾಗೆಯೇ. ನೀರಿನಲ್ಲಿ ಕರಗುವುದಿಲ್ಲ, ಆದ್ದರಿಂದ ಮೂತ್ರದಲ್ಲಿ ಹೊರಗೆ ಹೋಗುವುದಿಲ್ಲ. ಕೊಬ್ಬಿನಲ್ಲಿ ಕರಗಿ ಅಲ್ಲೇ ಕೂರುತ್ತದೆ. ಬೇಟೆಗಾರ ಪ್ರಾಣಿ ಜೀವಮಾನವಿಡೀ ಸಾವಿರಾರು ಬೇಟೆ ತಿನ್ನುತ್ತದೆ, ಆ ಸಾವಿರಾರು ದೇಹಗಳ ಕೊಬ್ಬಿನಲ್ಲಿದ್ದ ವಿಷ ಒಂದೇ ದೇಹಕ್ಕೆ ಸೇರುತ್ತದೆ.

ಪಾಯಿಂಟ್ ಹೋಪ್‌ನ ಎರಡು ಗೂಬೆಗಳು

1962ರ ಸೆಪ್ಟೆಂಬರ್ 27ರಂದು 'ಸೈಲೆಂಟ್ ಸ್ಪ್ರಿಂಗ್' ಪುಸ್ತಕ ಹೊರಬಂತು. ಕನ್ನಡದಲ್ಲಿ ಹೇಳುವುದಾದರೆ ಮೌನ ವಸಂತ. ಅದರಲ್ಲಿ ಹೆಚ್ಚು ಜನ ಗಮನಿಸದ ಒಂದು ಭಾಗವಿದೆ. ನಮಗೆ ಈ ಲೇಖನ ಬರೆಯಬೇಕೆನ್ನಿಸಿದ್ದೇ ಅದರಿಂದ.

ಡಿಡಿಟಿ ಮುಟ್ಟದ ಊಟ ಜಗತ್ತಿನಲ್ಲಿ ಎಲ್ಲಾದರೂ ಇದೆಯೇ ಎಂದು ಹುಡುಕಿಕೊಂಡು ವಿಜ್ಞಾನಿಗಳು ಅಲಾಸ್ಕಾದ ಉತ್ತರ ತುದಿಗೆ ಹೋಗಿದ್ದರು. ಆಗ ಎಸ್ಕಿಮೋ ಎಂದು ಕರೆಯುತ್ತಿದ್ದ ಅಲ್ಲಿನ ಮೂಲನಿವಾಸಿಗಳ ಆಹಾರವನ್ನು ಒಂದೊಂದಾಗಿ ಪರೀಕ್ಷಿಸಿದರು. ಮೀನು, ಕ್ಯಾರಿಬೂ ಜಿಂಕೆ, ವಾಲ್‌ರಸ್, ಬೆಲೂಗ ತಿಮಿಂಗಿಲ, ಹಿಮಕರಡಿ, ಕಾಡುಹಣ್ಣು ಎಲ್ಲವನ್ನೂ ನೋಡಿದರು, ಯಾವುದರಲ್ಲೂ ಕೀಟನಾಶಕ ಸಿಗಲಿಲ್ಲ. ಪಾಯಿಂಟ್ ಹೋಪ್ ಎಂಬಲ್ಲಿ ಸಿಕ್ಕ ಎರಡು ಬಿಳಿ ಗೂಬೆಗಳಲ್ಲಿ ಮಾತ್ರ ಸ್ವಲ್ಪ ಡಿಡಿಟಿ ಇತ್ತು. ಅವು ದಕ್ಷಿಣಕ್ಕೆ ವಲಸೆ ಹೋದಾಗ ತಂದಿರಬೇಕು ಎಂದು ಕಾರ್ಸನ್ ಊಹಿಸಿದರು.

ಆದರೆ ಅಲ್ಲಿನ ಕೆಲವು ಜನರ ದೇಹದ ಕೊಬ್ಬಿನಲ್ಲೂ ಡಿಡಿಟಿ ಸಿಕ್ಕಿತ್ತು. ತಿನ್ನುವ ಆಹಾರದಲ್ಲಿ ಇಲ್ಲ, ಮೈಯಲ್ಲಿ ಇದೆ! ಉತ್ತರ ಸರಳವಾಗಿತ್ತು. ಅವರೆಲ್ಲ ಶಸ್ತ್ರಚಿಕಿತ್ಸೆಗಾಗಿ ತಮ್ಮ ಹಳ್ಳಿ ಬಿಟ್ಟು ಆಂಕರೇಜ್ ನಗರದ ಆಸ್ಪತ್ರೆಗೆ ಬಂದವರು. ಅಲ್ಲಿ ಸ್ವಲ್ಪ ದಿನ ಉಂಡ ನಗರದ ಊಟವೇ ಸಾಕಾಗಿತ್ತು.

ಕಾರ್ಸನ್ ಕಂಡಂತೆ ಆಗಿನ ಚಿತ್ರ ಇಷ್ಟು: ಧ್ರುವದ ಊಟ ಇನ್ನೂ ಶುದ್ಧ, ಹೊರಗೆ ಬಂದವರಿಗೆ ಮಾತ್ರ ವಿಷ. ನಮ್ಮ ಮೊದಲನೇ ಫಾರ್ವರ್ಡ್ 1960ರ ಹೊತ್ತಿಗೆ ವಿಜ್ಞಾನಕ್ಕೆ ತಿಳಿದಿದ್ದ ಮಟ್ಟಿಗೆ ಒಪ್ಪುವಂಥದ್ದೇ ಆಗಿತ್ತು ಎನ್ನಿ. ಪರೀಕ್ಷೆಯ ಸಾಧನಗಳೂ ಆಗ ಒರಟು. ಜೇಮ್ಸ್ ಲವ್‌ಲಾಕ್ 1957ರಲ್ಲಿ ಕಂಡುಹಿಡಿದ ಒಂದು ಪುಟ್ಟ ಉಪಕರಣ ಬಳಕೆಗೆ ಬಂದ ಮೇಲೆ ಕಣ್ಣಿಗೆ ಕಾಣದಷ್ಟು ಅಲ್ಪ ಪ್ರಮಾಣದ ಕೀಟನಾಶಕವನ್ನೂ ಅಳೆಯುವುದು ಸಾಧ್ಯವಾಯಿತು. ಅಲ್ಲಿಂದ ಎಲ್ಲಿ ಹುಡುಕಿದರೂ ಸಿಗತೊಡಗಿತು.

ಮೈಯೊಳಗೆ ಇನ್ನೊಂದು ಯುದ್ಧ

ಪುಸ್ತಕ ಬರೆಯುವ ಆ ನಾಲ್ಕು ವರ್ಷ ಕಾರ್ಸನ್ ಬದುಕು ಸುಲಭವಾಗಿರಲಿಲ್ಲ. ತಾವು ಸಾಕಿದ ಅಕ್ಕನ ಮಗಳು 1957ರಲ್ಲಿ ತೀರಿಕೊಂಡಳು. ಅವಳ ಐದು ವರ್ಷದ ಗಂಡುಮಗುವನ್ನು ಕಾರ್ಸನ್ ದತ್ತು ತೆಗೆದುಕೊಂಡರು, ಅವರಿಗಾಗ ಐವತ್ತು ವರ್ಷ. 1958ರ ಡಿಸೆಂಬರ್‌ನಲ್ಲಿ ತಾಯಿ ಹೋದರು. 1960ರ ಏಪ್ರಿಲ್‌ನಲ್ಲಿ ಎದೆಯ ಗಂಟಿಗೆ ಶಸ್ತ್ರಚಿಕಿತ್ಸೆ ಆಯಿತು. ಅದು ಕ್ಯಾನ್ಸರ್ ಎಂಬ ಸತ್ಯವನ್ನು ವೈದ್ಯರು ಅವರಿಗೆ ಹೇಳಲಿಲ್ಲ. ಹೆಣ್ಣು ರೋಗಿಗೆ ನೇರವಾಗಿ ಹೇಳುವ ರೂಢಿ ಆಗ ಇರಲಿಲ್ಲ, ಗಂಡನಿದ್ದರೆ ಅವನಿಗೆ ಹೇಳುತ್ತಿದ್ದರು. ಗಂಟು ಮತ್ತೆ ಕಾಣಿಸಿಕೊಂಡು ಡಿಸೆಂಬರ್‌ನಲ್ಲಿ ಬೇರೆ ವೈದ್ಯರ ಬಳಿ ಹೋದಾಗಲೇ ವಿಷಯ ತಿಳಿದಿದ್ದು. ಎಂಟು ತಿಂಗಳು ಕೈಜಾರಿತ್ತು.

ಅವರು ರೋಗವನ್ನು ಹೊರಜಗತ್ತಿಗೆ ತಿಳಿಯಗೊಡಲಿಲ್ಲ. ರಾಸಾಯನಿಕ ಮತ್ತು ಕ್ಯಾನ್ಸರ್ ಬಗ್ಗೆ ಬರೆಯುತ್ತಿದ್ದ ಪುಸ್ತಕ ಅದು. ತನ್ನ ಕಾಯಿಲೆಯ ಸಿಟ್ಟಿನಿಂದ ಬರೆದಳು ಎಂದು ಕಂಪನಿಗಳು ಹೇಳಿಬಿಟ್ಟರೆ ಎಲ್ಲ ಶ್ರಮ ಮಣ್ಣುಪಾಲಾಗುತ್ತಿತ್ತು. ರೇಡಿಯೇಶನ್‌ಗೆ ಕೂದಲು ಉದುರಿತು, ವಿಗ್ ಹಾಕಿಕೊಂಡು ಸಭೆಗೆ ಹೋದರು.

ಕಂಪನಿಗಳು ಸುಮ್ಮನಿರಲಿಲ್ಲ. 1962ರ ಜೂನ್‌ನಲ್ಲಿ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಮೂರು ಕಂತು ಬಂದಾಗಲೇ ಗದ್ದಲ ಎದ್ದಿತ್ತು. ಒಂದು ಕಂಪನಿ ಪ್ರಕಾಶಕರಿಗೆ ಬೆದರಿಕೆ ಕಾಗದ ಬರೆದು ಇದರ ಹಿಂದೆ ಕಮ್ಯುನಿಸ್ಟರ ಕೈವಾಡ ಇರಬಹುದು ಎಂದು ಸೂಚಿಸಿತು. ಮತ್ತೊಂದು, ಕೀಟನಾಶಕ ಇಲ್ಲದ ಅಮೆರಿಕ ಹುಳಹುಪ್ಪಟೆಗೆ ಹೇಗೆ ಬಲಿಯಾಗುತ್ತದೆ ಎಂಬ ಅಣಕು ಬರಹ ಅಚ್ಚುಹಾಕಿಸಿ ಹಂಚಿತು. ಪಿಎಚ್.ಡಿ. ಇಲ್ಲ, ಮದುವೆ ಇಲ್ಲ, ಭಾವುಕ ಹೆಂಗಸು ಎಂದೆಲ್ಲ ಆಡಿಕೊಂಡರು. ಸುಳ್ಳು ಹರಡಲು ಆಗ ವಾಟ್ಸಾಪ್ ಬೇಕಿರಲಿಲ್ಲ.

1963ರ ಏಪ್ರಿಲ್ 3ರಂದು ಸಿಬಿಎಸ್ ಟಿವಿ ಈ ವಿಷಯದ ಮೇಲೆ ಒಂದು ಗಂಟೆಯ ಕಾರ್ಯಕ್ರಮ ಪ್ರಸಾರ ಮಾಡಿತು. ಐವರು ಜಾಹೀರಾತುದಾರರಲ್ಲಿ ಮೂವರು ಮೊದಲೇ ಹಿಂದೆ ಸರಿದಿದ್ದರು. ಕಂಪನಿ ಪರವಾಗಿ ಬಿಳಿ ಕೋಟಿನ ವಿಜ್ಞಾನಿ ಏರುದನಿಯಲ್ಲಿ ಮಾತಾಡಿದರೆ, ಕಾರ್ಸನ್ ಕೂತಲ್ಲೇ ನಿಧಾನವಾಗಿ, ಸಮಾಧಾನದಿಂದ ಮಾತಾಡಿದರು. ನೋಡಿದವರು ಯಾರನ್ನು ನಂಬಿದರು ಎಂಬುದು ಬೇಗ ಗೊತ್ತಾಯಿತು. ಮೇ 15ರಂದು ಅಧ್ಯಕ್ಷ ಕೆನಡಿಯವರ ವಿಜ್ಞಾನ ಸಲಹಾ ಸಮಿತಿಯ ವರದಿ ಬಂತು, ಅದು ಬಹುಮಟ್ಟಿಗೆ ಕಾರ್ಸನ್ ಮಾತನ್ನು ಒಪ್ಪಿತ್ತು.

ಆ ವರ್ಷದ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವರು ಒಂದು ಉಪನ್ಯಾಸ ಕೊಟ್ಟರು. ನಡೆಯುವುದೇ ಕಷ್ಟವಾಗಿತ್ತು. ಅಲ್ಲಿ ಅವರು ಮತ್ತೆ ಉತ್ತರ ಧ್ರುವದ ಜನರ ಕಡೆಗೆ ಬಂದರು, ಈ ಸಲ ಅಣುಬಾಂಬ್ ಪರೀಕ್ಷೆಗಳ ವಿಕಿರಣ ಧೂಳಿನ ಬಗ್ಗೆ. ಆ ಧೂಳು ಗಾಳಿಯಲ್ಲಿ ಹೋಗಿ ಟಂಡ್ರಾ ಬಯಲಿನ ಕಲ್ಲುಹೂವಿನ ಮೇಲೆ ಬೀಳುತ್ತದೆ. ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಜಾತಿಯದೇ ಅದು. ಬೇರಿಲ್ಲ, ಬೇಕಾದುದನ್ನೆಲ್ಲ ಗಾಳಿಯಿಂದಲೇ ಹೀರುತ್ತದೆ. ಅದನ್ನು ಕ್ಯಾರಿಬೂ ಮೇಯುತ್ತದೆ, ಕ್ಯಾರಿಬೂವನ್ನು ಜನ ತಿನ್ನುತ್ತಾರೆ. ಯಾವ ಬಾಂಬನ್ನೂ ನೋಡದ ಹಳ್ಳಿಗರ ಮೈಯಲ್ಲಿ ನಗರದವರಿಗಿಂತ ಹೆಚ್ಚು ವಿಕಿರಣ ವಸ್ತು ಸೇರಿತ್ತು. ಗಾಳಿ, ಗಿಡ, ಪ್ರಾಣಿ, ಮನುಷ್ಯ ಎಂಬ ದಾರಿಯನ್ನು ಕಾರ್ಸನ್ ಅಂದೇ ಗುರುತಿಸಿದ್ದರು. ಅದೇ ದಾರಿಯಲ್ಲಿ ಡಿಡಿಟಿಯೂ ಹೊರಟಿದೆ ಎಂಬುದು ಪೂರ್ತಿ ಬಯಲಾಗುವ ಮೊದಲೇ, 1964ರ ಏಪ್ರಿಲ್ 14ರಂದು, ತಮ್ಮ 56ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಎರಡು ವರ್ಷದ ನಂತರ, 1966ರಲ್ಲಿ, ನೇಚರ್ ಪತ್ರಿಕೆಯಲ್ಲಿ ಒಂದು ಸಣ್ಣ ವರದಿ ಬಂತು. ಅಂಟಾರ್ಕ್ಟಿಕಾದ ಅಡೇಲಿ ಪೆಂಗ್ವಿನ್‌ಗಳಲ್ಲಿ, ಒಂದು ಸೀಲ್ ಪ್ರಾಣಿಯಲ್ಲಿ ಡಿಡಿಟಿ ಸಿಕ್ಕಿತ್ತು. ಯಾರೂ ಬೇಸಾಯ ಮಾಡದ, ಸೊಳ್ಳೆಯೇ ಇಲ್ಲದ ಖಂಡದಲ್ಲಿ.

ಮಿಡತೆಯ ಹಾಗೆ ಜಿಗಿದು

ಹಾಗಾದರೆ ಇದು ಅಲ್ಲಿಗೆ ಹೋಗಿದ್ದು ಹೇಗೆ? ಮನೆಯಲ್ಲಿ ಬಟ್ಟೆ ಇಡುವ ಟ್ರಂಕಿಗೆ ನುಸಿಗುಳಿಗೆ ಹಾಕುತ್ತೇವಲ್ಲ, ಕೆಲವು ತಿಂಗಳಿಗೆ ಅದು ಮಾಯವಾಗಿರುತ್ತದೆ. ನೀರಾಗಿ ಹರಿದಿರುವುದಿಲ್ಲ, ಗಾಳಿಗೆ ಸೇರಿರುತ್ತದೆ. ಡಿಡಿಟಿ, ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಬಳಸುತ್ತಿದ್ದ ಪಿಸಿಬಿ, ಇಂಥವೆಲ್ಲ ಅದಕ್ಕಿಂತ ಬಹಳ ನಿಧಾನವಾಗಿ ಅದೇ ಕೆಲಸ ಮಾಡುತ್ತವೆ. ಬೆಚ್ಚಗಿನ ನೆಲದಿಂದ ಆವಿಯಾಗಿ ಏಳುತ್ತವೆ, ಗಾಳಿ ಹೊತ್ತೊಯ್ಯುತ್ತದೆ, ತಂಪು ಸಿಕ್ಕ ಕಡೆ ಇಳಿಯುತ್ತವೆ. ಅಲ್ಲಿ ಬೇಸಗೆ ಬಂದರೆ ಮತ್ತೆ ಏಳುತ್ತವೆ, ಇನ್ನೂ ತಂಪಾದ ಕಡೆ ಇಳಿಯುತ್ತವೆ. ವಿಜ್ಞಾನಿಗಳು ಇದನ್ನು ಮಿಡತೆಯ ಜಿಗಿತಕ್ಕೆ ಹೋಲಿಸುತ್ತಾರೆ. ಕೊನೆಗೆ ಎಲ್ಲಿ ಮತ್ತೆ ಏಳುವಷ್ಟು ಬಿಸಿ ಇಲ್ಲವೋ ಅಲ್ಲಿ ಉಳಿದುಬಿಡುತ್ತವೆ. ಅನ್ನ ಬೇಯುವಾಗ ಆವಿ ತಣ್ಣನೆಯ ಮುಚ್ಚಳಕ್ಕೆ ತಾಗಿ ಹನಿ ಕಟ್ಟುತ್ತದಲ್ಲ, ಭೂಮಿಗೆ ಧ್ರುವಗಳೇ ಆ ಮುಚ್ಚಳ.

ಗಾಳಿ ಬಿಟ್ಟರೆ ಸಮುದ್ರದ ಹರಿವೂ ಇದೆ, ವಲಸೆ ಹಕ್ಕಿಗಳೂ ಇವೆ. ಕಾರ್ಸನ್ ಗೂಬೆಯ ಬಗ್ಗೆ ಮಾಡಿದ ಊಹೆ ಅಸಾಧ್ಯವೇನಲ್ಲ. ಕೆಲವು ಕಡೆ ಸ್ಥಳೀಯ ಮೂಲಗಳೂ ಇದ್ದವು ಎಂದು ಹೇಳದಿದ್ದರೆ ತಪ್ಪಾಗುತ್ತದೆ. ಕೆನಡಾದ ಉತ್ತರದಲ್ಲಿ ಶೀತಲ ಸಮರದ ಕಾಲದ ರೇಡಾರ್ ಕೇಂದ್ರಗಳಿಂದ ಪಿಸಿಬಿ ಸೋರಿತ್ತು. ಆದರೆ ಅಷ್ಟು ದೊಡ್ಡ ಪ್ರದೇಶಕ್ಕೆಲ್ಲ ವಿಷ ಹಂಚಿದ್ದು ಮುಖ್ಯವಾಗಿ ಗಾಳಿ ಮತ್ತು ಕಡಲು.

ಅಲ್ಲಿಗೆ ತಲುಪಿದ ಮೇಲೆ ಎರಡು ಸಂಗತಿ ಕೂಡುತ್ತವೆ. ಚಳಿಯಲ್ಲಿ, ತಿಂಗಳುಗಟ್ಟಲೆ ಬಿಸಿಲಿಲ್ಲದ ಕತ್ತಲಲ್ಲಿ ಈ ವಸ್ತುಗಳು ಒಡೆಯುವುದು ಇನ್ನೂ ನಿಧಾನ. ಅಲ್ಲಿನ ಜೀವಿಗಳಿಗೋ ಕೊಬ್ಬೇ ಕಂಬಳಿ, ಕೊಬ್ಬೇ ಬುತ್ತಿ. ಪಾಚಿ ತಿನ್ನುವ ಸಣ್ಣ ಸಿಗಡಿಯಂಥ ಜೀವಿ, ಅದನ್ನು ತಿನ್ನುವ ಮೀನು, ಮೀನು ತಿನ್ನುವ ಸೀಲ್, ಸೀಲ್‌ನ ಕೊಬ್ಬನ್ನೇ ಆರಿಸಿ ತಿನ್ನುವ ಹಿಮಕರಡಿ. ಕ್ಲಿಯರ್ ಲೇಕ್‌ನ ಲೆಕ್ಕವೇ ಇಲ್ಲಿ ಸಾಗರದ ಅಳತೆಯಲ್ಲಿ ನಡೆಯುತ್ತದೆ. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಹಿಮಕರಡಿಗಳಲ್ಲಿ ಪಿಸಿಬಿ ಹೆಚ್ಚಿದ್ದಷ್ಟೂ ಥೈರಾಯ್ಡ್ ಹಾರ್ಮೋನಿನ ಏರುಪೇರು, ರೋಗನಿರೋಧಕ ಶಕ್ತಿಯ ಕುಸಿತ ಕಂಡುಬಂದಿವೆ. ತಾಯಿ ಕರಡಿ ಚಳಿಗಾಲದ ಗವಿಯಲ್ಲಿ ಉಪವಾಸ ಇದ್ದು, ಮೈಯ ಕೊಬ್ಬು ಕರಗಿಸಿ ಮರಿಗೆ ಹಾಲೂಡುತ್ತದೆ. ಕೊಬ್ಬಿನ ಜೊತೆ ಅದರಲ್ಲಿದ್ದುದೂ ಮರಿಗೆ ಹೋಗುತ್ತದೆ.

ಮನುಷ್ಯರಿಗೂ ಇದೇ ಗತಿ. 1980ರ ದಶಕದ ಕೊನೆಯಲ್ಲಿ ಕೆನಡಾದ ಕ್ವಿಬೆಕ್‌ನ ವೈದ್ಯ ಎರಿಕ್ ಡೆವೈಯಿ ತಾಯಿಯ ಎದೆಹಾಲಿನಲ್ಲಿರುವ ಪಿಸಿಬಿಯನ್ನು ಅಳೆಯುತ್ತಿದ್ದರು. ಕಾರ್ಖಾನೆಗಳಿರುವ ದಕ್ಷಿಣದ ತಾಯಂದಿರ ಜೊತೆ ಹೋಲಿಸಲು ಶುದ್ಧ ಹಾಲಿನ ಮಾದರಿ ಬೇಕಿತ್ತು. ಹಾಗಾಗಿ ದೂರದ ಉತ್ತರದ ಇನುಯಿಟ್ ತಾಯಂದಿರ ಹಾಲು ತರಿಸಿದರು. ಫಲಿತಾಂಶ ನೋಡಿ ಪರೀಕ್ಷೆಯೇ ತಪ್ಪಾಗಿದೆ ಎನಿಸುವಂತಿತ್ತು. ಶುದ್ಧ ಎಂದುಕೊಂಡಿದ್ದ ಹಾಲಿನಲ್ಲಿ ದಕ್ಷಿಣದವರಿಗಿಂತ ಸುಮಾರು ಐದು ಪಟ್ಟು ಪಿಸಿಬಿ ಇತ್ತು. ಸೀಲ್, ತಿಮಿಂಗಿಲದ ಕೊಬ್ಬು ಅವರ ನಿತ್ಯದ ಊಟ. ಪಾಯಿಂಟ್ ಹೋಪ್‌ನ ಚಿತ್ರ ಮೂವತ್ತು ವರ್ಷದಲ್ಲಿ ತಲೆಕೆಳಗಾಗಿತ್ತು. ಹಳ್ಳಿಯ ಊಟವೇ ಈಗ ನಗರದ ಊಟಕ್ಕಿಂತ ಹೆಚ್ಚು ವಿಷ ಹೊತ್ತಿತ್ತು.

ಆ ಊಟ ಬಿಡಿ ಎಂದು ಹೇಳುವುದು ಸುಲಭ. ಮರವೂ ಬೆಳೆಯದ ಆ ನೆಲದಲ್ಲಿ ತರಕಾರಿ ವಿಮಾನದಲ್ಲಿ ಬರಬೇಕು, ಬೆಲೆ ಕೇಳುವಂತಿಲ್ಲ. ಅಂಗಡಿಯ ಚಿಪ್ಸ್, ಸಕ್ಕರೆ ನೀರಿಗಿಂತ ಸೀಲ್ ಮಾಂಸದಲ್ಲಿ ಕಬ್ಬಿಣಾಂಶ, ಒಳ್ಳೆಯ ಕೊಬ್ಬು, ವಿಟಮಿನ್ ಹೆಚ್ಚು. ಆದ್ದರಿಂದಲೇ ಅಲ್ಲಿನ ಆರೋಗ್ಯ ಅಧಿಕಾರಿಗಳು ಎಲ್ಲ ತೂಗಿ ನೋಡಿ, ಎದೆಹಾಲು ನಿಲ್ಲಿಸಬೇಡಿ ಎಂದೇ ಸಲಹೆ ಕೊಟ್ಟರು. ಇದನ್ನು ಓದಿ ಇಲ್ಲಿ ಯಾರೂ ಎದೆಹಾಲಿನಲ್ಲಿ ವಿಷ ಎಂಬ ಹೊಸ ಫಾರ್ವರ್ಡ್ ಹುಟ್ಟಿಸಬೇಡಿ, ದಯವಿಟ್ಟು.

ಹಾಗಾದರೆ ಮಲೇರಿಯಾ ಸಾವುಗಳು?

ಈಗ ಎರಡನೇ ಫಾರ್ವರ್ಡ್. ಕಾರ್ಸನ್ ಎಲ್ಲ ಕೀಟನಾಶಕ ನಿಲ್ಲಿಸಿ ಎಂದು ಎಲ್ಲೂ ಕೇಳಲಿಲ್ಲ. ಕಣ್ಣುಮುಚ್ಚಿ ಸುರಿದರೆ ಕೀಟಗಳು ಅದಕ್ಕೆ ಒಗ್ಗಿಕೊಂಡು, ರೋಗ ತಡೆಯಬೇಕಾದಾಗಲೇ ಔಷಧಿ ಕೈಕೊಡುತ್ತದೆ ಎಂದು ಎಚ್ಚರಿಸಿದ್ದರು. ಅಮೆರಿಕ ಡಿಡಿಟಿಯನ್ನು ನಿಲ್ಲಿಸಿದ್ದು ಅವರು ಸತ್ತು ಎಂಟು ವರ್ಷದ ಮೇಲೆ, 1972ರಲ್ಲಿ, ಅದೂ ತನ್ನ ದೇಶದೊಳಗೆ.

ಭಾರತದ ಲೆಕ್ಕ ನೋಡಿ. ಸ್ವಾತಂತ್ರ್ಯದ ಹೊತ್ತಿಗೆ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, 8 ಲಕ್ಷ ಸಾವು. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿ, 1965ರ ಹೊತ್ತಿಗೆ ಪ್ರಕರಣಗಳು ಒಂದು ಲಕ್ಷಕ್ಕೆ ಇಳಿದವು. 1976ರಲ್ಲಿ ಮತ್ತೆ 64 ಲಕ್ಷಕ್ಕೆ ಏರಿದವು. ಆದರೆ ಆ ಹನ್ನೊಂದು ವರ್ಷವೂ ನಮ್ಮಲ್ಲಿ ಡಿಡಿಟಿ ಬಳಕೆಯಲ್ಲೇ ಇತ್ತು! ಏರಲು ಕಾರಣ ಔಷಧಿಗೆ ಒಗ್ಗಿಕೊಂಡ ಸೊಳ್ಳೆಗಳು, ಮಾತ್ರೆಗೆ ಬಗ್ಗದ ರೋಗಾಣು, ಸಡಿಲವಾದ ಕಾರ್ಯಕ್ರಮ. ಭಾರತ ಕೃಷಿಗೆ ಡಿಡಿಟಿ ನಿಲ್ಲಿಸಿದ್ದು 1989ರಲ್ಲಿ, ಸೊಳ್ಳೆಗೆ ಹೊಡೆಯುವುದನ್ನು ಆಗಲೂ ನಿಲ್ಲಿಸಲಿಲ್ಲ. 2001ರ ಸ್ಟಾಕ್‌ಹೋಮ್ ಒಪ್ಪಂದ ಕೂಡ ರೋಗ ನಿಯಂತ್ರಣಕ್ಕೆ ಡಿಡಿಟಿಗೆ ವಿನಾಯಿತಿ ಕೊಟ್ಟಿದೆ. ಹೀಗಿರುವಾಗ ಕೋಟಿ ಸಾವಿನ ಲೆಕ್ಕವನ್ನು ಕಾರ್ಸನ್ ತಲೆಗೆ ಕಟ್ಟುವುದು ಹೇಗೆ?

ಆ ಒಪ್ಪಂದಕ್ಕೆ ಧ್ರುವದ ಜನರೇ ಒಂದು ಮುಖ್ಯ ಕಾರಣ. ಮಾತುಕತೆ ನಡೆಯುವಾಗ ಇನುಯಿಟ್ ನಾಯಕಿ ಶೀಲಾ ವಾಟ್-ಕ್ಲೂಟಿಯೇ ತಾಯಿ ಮತ್ತು ಮಗುವಿನ ಕಲ್ಲಿನ ಶಿಲ್ಪವೊಂದನ್ನು ಕಾಣಿಕೆಯಾಗಿ ಕೊಟ್ಟರು, ಅದು ಸಭೆಗಳಲ್ಲಿ ಅಧ್ಯಕ್ಷರ ಮೇಜಿನ ಮೇಲೇ ಇರುತ್ತಿತ್ತು. 2004ರಲ್ಲಿ ಜಾರಿಗೆ ಬಂದ ಒಪ್ಪಂದದ ಮೊದಲ ಪಟ್ಟಿಯಲ್ಲಿ 12 ರಾಸಾಯನಿಕಗಳಿದ್ದವು. 2011ರಲ್ಲಿ ಅದಕ್ಕೆ ಸೇರಿದ ಹೆಸರು ನಮ್ಮ ದಕ್ಷಿಣ ಕನ್ನಡದವರಿಗೆ ಚೆನ್ನಾಗಿ ಗೊತ್ತು: ಎಂಡೋಸಲ್ಫಾನ್. ಕೊಕ್ಕಡ ಸುತ್ತಿನ ಸರ್ಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸಿಂಪಡಿಸಿದ್ದು ಇದನ್ನೇ, ಆ ಊರುಗಳ ಸಂತ್ರಸ್ತ ಕುಟುಂಬಗಳ ಪಾಡು ಬೇರೆಯೇ ಒಂದು ಲೇಖನ. ಅದನ್ನು ಪಟ್ಟಿಗೆ ಸೇರಿಸುವಾಗ ಮುಂದಿಟ್ಟ ಸಾಕ್ಷ್ಯಗಳಲ್ಲಿ ಒಂದು, ಯಾರೂ ಗೇರು ಬೆಳೆಯದ ಉತ್ತರ ಧ್ರುವದ ಗಾಳಿಯಲ್ಲಿ ಎಂಡೋಸಲ್ಫಾನ್ ಸಿಕ್ಕಿದ್ದು.

ನಿಷೇಧದಿಂದ ಫಲ ಸಿಕ್ಕಿದೆ. ಇನುಯಿಟ್ ತಾಯಂದಿರ ರಕ್ತದಲ್ಲಿ ಪಿಸಿಬಿ, ಡಿಡಿಟಿ 1990ರ ದಶಕದಿಂದ ಇಳಿಯುತ್ತ ಬಂದಿವೆ. ನಾನ್‌ಸ್ಟಿಕ್ ಮತ್ತು ಕಲೆ ಹಿಡಿಯದ ಬಟ್ಟೆಗಳ ತಯಾರಿಯಲ್ಲಿ ಬಳಸುವ ಪಿಎಫ್‌ಎಎಸ್ ಗುಂಪಿನ ಹೊಸ ರಾಸಾಯನಿಕಗಳು ಹಿಮಕರಡಿಯ ಯಕೃತ್ತಿನಲ್ಲಿ ಸಿಕ್ಕಿವೆ, ಅದು ಬೇರೆ ಮಾತು. ಅಂಟಾರ್ಕ್ಟಿಕಾದ ಪೆಂಗ್ವಿನ್‌ಗಳಲ್ಲಿ ಮಾತ್ರ ಡಿಡಿಟಿ ನಿರೀಕ್ಷೆಯಂತೆ ಇಳಿದಿಲ್ಲ. ಕಾರಣವನ್ನು 2008ರ ಒಂದು ಅಧ್ಯಯನ ವಿವರಿಸಿತು. ದಶಕಗಳ ಹಿಂದೆ ಹಿಮದ ಜೊತೆ ಬಿದ್ದ ಡಿಡಿಟಿ ಹಿಮನದಿಗಳೊಳಗೆ ಗಟ್ಟಿಯಾಗಿ ಕೂತಿತ್ತು. ಈಗ ಅವು ಕರಗುತ್ತಿವೆ. ಪಶ್ಚಿಮ ಅಂಟಾರ್ಕ್ಟಿಕಾದ ಕರಾವಳಿಗೆ ವರ್ಷಕ್ಕೆ ಒಂದರಿಂದ ನಾಲ್ಕು ಕಿಲೋ ಡಿಡಿಟಿ ಆ ಕರಗಿದ ನೀರಿನಲ್ಲಿ ಇಳಿದು ಬರುತ್ತಿದೆ ಎಂದು ಆ ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಕಾರ್ಸನ್ ಮೇಜಿನ ಮುಂದೆ ಕೂತು ಪುಸ್ತಕ ಬರೆಯುತ್ತಿದ್ದ ವರ್ಷಗಳಲ್ಲಿ ಯಾವುದೋ ಹೊಲದ ಮೇಲೆ ಸುರಿದ ಡಿಡಿಟಿಯೂ ಅದರಲ್ಲಿ ಸೇರಿರುತ್ತದೆ.